ಹೊಸ ಬೀಗಕ್ಕೊಂದು ಗಂಧದ ಬೊಟ್ಟು

ಕಾರಿನ ಇಗ್ನಿಷನ್ ಲಾಕ್ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಹೀಗೆಂದು ಒಂದು ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ನಾನು ಹೇಳಿದಾಗ, ನನ್ನ ಹೆಂಡತಿ ಸರೋಜಾ ಏನೂ ಮಾತಾಡದೆ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಅವಳ ಮೌನವನ್ನು ನಾನು ಮೆಚ್ಚುಗೆ ಎಂದು ತಿಳಿದೆ.

ನನ್ನ ಧೈರ್ಯಕ್ಕೆ ಆಧಾರ ಇಲ್ಲದೆ ಇರಲಿಲ್ಲ. ಆಗ, ಎಂದರೆ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದೆ. ಲೇತಿನಿಂದ ಇಳಿದ ಬಿಡಿಭಾಗಗಳನ್ನು ಮೈಕ್ರೋಮೀಟರಿನಲ್ಲಿ ಅಳೆಯುವುದು, ಮಿಲಿಮೀಟರಿನ ನೂರನೇ ಒಂದು ಭಾಗ ಹೆಚ್ಚುಕಡಿಮೆಯಾದರೂ ಕೆಂಪು ಚೀಟಿ ಕಟ್ಟಿ ವಾಪಸು ಕಳಿಸುವುದು ನನ್ನ ಉದ್ಯೋಗ. ದಿನಕ್ಕೆ ಎಂಟು ಗಂಟೆ ಇನ್ನೊಬ್ಬರ ತಪ್ಪು ಹುಡುಕುವವನಿಗೆ ತಾನೂ ತಪ್ಪು ಮಾಡಬಹುದು ಎಂಬುದು ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ.

ಕಾರು ನನಗಿಂತ ಅನುಭವಸ್ಥ. ನಮ್ಮ ಕಾರ್ಖಾನೆಯ ಮಾಲೀಕರು ಹೊಸದು ತೆಗೆದುಕೊಂಡಾಗ ಹಳೆಯದು ನನ್ನ ಪಾಲಿಗೆ ಬಂತು. ಟಿ. ದಾಸರಹಳ್ಳಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಅಂಗಳದಲ್ಲಿ, ಮನೆ ಮಾಲೀಕ ಗಂಗಣ್ಣನ ಎತ್ತಿನ ಗಾಡಿಯ ಪಕ್ಕದಲ್ಲೇ ಅದೂ ನಿಲ್ಲುತ್ತಿತ್ತು. ಅದರ ಬೀಗ ಒಳಗೆಲ್ಲ ಸವೆದುಹೋಗಿತ್ತು. ಬೀರುವಿನ ಕೀ ಹಾಕಿದರೂ ತಿರುಗುತ್ತಿತ್ತು. ಟ್ರಂಕಿನ ಕೀ ಹಾಕಿದರೂ ತಿರುಗುತ್ತಿತ್ತು. ಕೊನೆಗೆ ಸರೋಜಾಳ ಹೇರ್‌ಪಿನ್ನೇ ಎಲ್ಲಕ್ಕಿಂತ ಚೆನ್ನಾಗಿ ಒಪ್ಪುತ್ತದೆ ಎಂದು ಪತ್ತೆಯಾಗಿ, ಒಂದು ವರ್ಷದಿಂದ ಅದೇ ನಮ್ಮ ಕಾರಿನ ಕೀ ಆಗಿತ್ತು.

"ಇಂಗೆ ಬುಟ್ರೆ ಯಾರಾದ್ರೂ ಒಡಕೊಂಡು ಓಯ್ತಾರೆ, ಗಂಗಣ್ಣ," ಎಂದು ನಾನು ಅವನ ಧಾಟಿಯಲ್ಲೇ ಒಮ್ಮೆ ಹೇಳಿದ್ದೆ.

"ಕಳ್ಳ ಬಂದ್ರೂ ತಳ್ಳಕ್ಕೆ ಇನ್ನಿಬ್ಬರನ್ನ ಕರ್ಕಂಡ್ ಬರ್ಬೇಕು ಬುಡಿ ಸಾಮಿ," ಎಂದಿದ್ದ ಅವನು.

ಒಟ್ಟಿನಲ್ಲಿ ಯಾರಿಗೂ ಏನೂ ತೊಂದರೆ ಇರಲಿಲ್ಲ. ತೊಂದರೆ ಬಂದದ್ದು ತಿಪಟೂರಿನಿಂದ, ಒಂದು ಇನ್‌ಲ್ಯಾಂಡ್ ಪತ್ರದ ರೂಪದಲ್ಲಿ. ಸರೋಜಾಳ ತಂದೆ, ಅಲ್ಲಿಯ ಒಂದು ಹೈಸ್ಕೂಲಿನ ಹೆಡ್‌ಮಾಸ್ತರು, ದಸರಾ ರಜೆಯಲ್ಲಿ ನಮ್ಮ ಮನೆಗೆ ಬರುತ್ತೇನೆಂದು ಬರೆದಿದ್ದರು. ಆಯುಧಪೂಜೆಯ ದಿನ ಮಧ್ಯಾಹ್ನ ಮೂರಕ್ಕೆ ಚಿಕ್ಕಬಾಣಾವರದ ಸ್ಟೇಷನ್ನಿನಲ್ಲಿ ಇಳಿಯುತ್ತಾರಂತೆ.

ಮದುವೆಯಾಗಿ ಆರು ವರ್ಷವಾಗಿತ್ತು. ಮಾವನವರು ಒಂದು ಸಲವೂ ನಮ್ಮ ಹೊಸಿಲು ತುಳಿದಿರಲಿಲ್ಲ. ಕರೆದಾಗಲೆಲ್ಲ ಪರೀಕ್ಷೆ, ಇನ್ಸ್‌ಪೆಕ್ಷನ್, ಮಂಡಿ ನೋವು ಎಂದು ಏನಾದರೊಂದು ಬರೆಯುತ್ತಿದ್ದರು. ಕಾರಣ ನನಗೆ ಗೊತ್ತಿತ್ತು. ಮದುವೆಯ ದಿನ ಚಪ್ಪರದಲ್ಲಿ ಅವರು ಯಾರಿಗೋ ನನ್ನನ್ನು ತೋರಿಸಿ, "ಹುಡುಗ ಕಬ್ಬಿಣ ಅಳೀತಾನಂತೆ," ಎಂದದ್ದು ನನ್ನ ಕಿವಿಗೆ ಬಿದ್ದಿತ್ತು. ಮೇಷ್ಟರ ಮನೆತನ, ಇಂಗ್ಲಿಷ್, ಗಣಿತ ಹೇಳಿಕೊಟ್ಟವರು, ಕಾರ್ಖಾನೆಯವನಿಗೆ ಮಗಳನ್ನು ಕೊಟ್ಟೆನಲ್ಲ ಎಂಬ ಸಂಕಟ. ಆರು ವರ್ಷ ಆ ಮಾತು ನನ್ನನ್ನು ಚುಚ್ಚುತ್ತಲೇ ಇತ್ತು. ಅವರಿಗೆ ಪತ್ರ ಬರೆಯುವಾಗಲೂ ನಾನು ಕಡಿಮೆಯವನಲ್ಲ ಎಂದು ತೋರಿಸಲು, "ವಿಷಯ: ಕ್ಷೇಮ ಸಮಾಚಾರ. ಉಲ್ಲೇಖ: ತಮ್ಮ ಪತ್ರ" ಎಂದು ಕಾರ್ಖಾನೆಯ ಶೈಲಿಯಲ್ಲೇ ಬರೆಯುತ್ತಿದ್ದೆ.

"ಅಪ್ಪ ಬರ್ತಿರೋದೇ ದೊಡ್ಡದು," ಎಂದಳು ಸರೋಜಾ. ಪತ್ರವನ್ನು ನಾಲ್ಕು ಸಲ ಓದಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಿದ್ದಳು. "ನೀವು ಸ್ಟೇಷನ್ನಿಗೆ ಹೋಗಿ ಕಾರಲ್ಲಿ ಕರ್ಕೊಂಡು ಬನ್ನಿ. ಅಷ್ಟು ಮಾಡಿ ಸಾಕು."

ಅಷ್ಟು ಮಾಡಿದ್ದರೆ ಸಾಕಾಗಿತ್ತು. ಆದರೆ ಹೆಡ್‌ಮಾಸ್ತರ ಕಣ್ಣೆದುರಿಗೆ ನಾನು ಜೇಬಿನಿಂದ ಹೇರ್‌ಪಿನ್ ತೆಗೆದು ಕಾರು ಸ್ಟಾರ್ಟ್ ಮಾಡುವ ದೃಶ್ಯ ಮನಸ್ಸಿಗೆ ಬಂತು. ಮರುದಿನವೇ ಹೋಗಿ ಹೊಸ ಬೀಗ ತಂದೆ.

ನಾನು ಪೂರ್ವಸಿದ್ಧತೆ ಇಲ್ಲದೆ ಕೆಲಸಕ್ಕೆ ಇಳಿಯುವ ಪೈಕಿ ಅಲ್ಲ. ಬೀಗವನ್ನು ಡ್ಯಾಶ್‌ಬೋರ್ಡಿಗೆ ಹಿಡಿದಿಡುವ ದುಂಡನೆಯ ನಟ್ ತೆಗೆಯಲು ಬೇರೆಯೇ ತರಹದ ಸ್ಪ್ಯಾನರ್ ಬೇಕು. ಕಾರ್ಖಾನೆಯಲ್ಲಿ ಊಟದ ಬಿಡುವಿನಲ್ಲಿ ಕೂತು ಅದರ ಡ್ರಾಯಿಂಗ್ ಬರೆದು, ಟೂಲ್‌ರೂಮಿನ ಗೆಳೆಯನನ್ನು ಕಾಡಿ ಬೇಡಿ ಅಂಥ ಒಂದು ಸ್ಪ್ಯಾನರ್ ಮಾಡಿಸಿದೆ. ನಾನೇ ಮೈಕ್ರೋಮೀಟರ್ ಹಿಡಿದು ಅಳೆದೆ. ಕೂದಲೆಳೆಯಷ್ಟೂ ತಪ್ಪಿಲ್ಲ. ನನ್ನ ಹತ್ತು ವರ್ಷದ ಸರ್ವೀಸಿನಲ್ಲಿ ಅಷ್ಟು ನಿಖರವಾದ ವಸ್ತುವನ್ನು ನಾನು ಪಾಸು ಮಾಡಿರಲಿಲ್ಲ.

ಭಾನುವಾರ ಅದನ್ನು ಕಾರಿನ ನಟ್ಟಿಗೆ ಇಟ್ಟೆ. ಕೂರಲಿಲ್ಲ. ನಾನು ಅಳತೆ ತೆಗೆದುಕೊಂಡದ್ದು ಹೊಸ ಬೀಗದ ನಟ್ಟಿನದು. ಬಿಚ್ಚಬೇಕಾಗಿದ್ದದ್ದು ಹಳೆಯದನ್ನು.

"ಏನಾಯ್ತು?" ಎಂದಳು ಸರೋಜಾ, ಅಂಗಳದಲ್ಲಿ ಹಿತ್ತಾಳೆ ಪಾತ್ರೆ ಬೆಳಗುತ್ತಾ.

"ಏನಿಲ್ಲ. ಹಳೇ ಕಾಲದವರಿಗೆ ಅಳತೆ ಅನ್ನೋದೇ ಗೊತ್ತಿರಲಿಲ್ಲ," ಎಂದು ಹೇಳಿ, ಅಡುಗೆಮನೆಯ ಇಕ್ಕಳ ತಂದು ಒಂದೇ ನಿಮಿಷದಲ್ಲಿ ನಟ್ ಬಿಚ್ಚಿದೆ. ಪಾತ್ರೆ ಇಳಿಸುವ ಇಕ್ಕಳ. ಆ ಸ್ಪ್ಯಾನರ್ ಈಗಲೂ ನಮ್ಮ ಮನೆಯಲ್ಲಿದೆ, ಯಾವ ಕೆಲಸಕ್ಕೂ ಬಂದಿಲ್ಲ.

ಹಳೆಯ ಬೀಗದ ಹಿಂದೆ ಐದು ತಂತಿಗಳಿದ್ದವು. ಹುಟ್ಟಿದಾಗ ಬೇರೆ ಬೇರೆ ಬಣ್ಣ ಇದ್ದಿರಬೇಕು. ಈಗ ಐದೂ ಧೂಳಿನ ಬಣ್ಣ. ನಾನೇನೂ ಹೆದರಲಿಲ್ಲ. ಕಾರ್ಖಾನೆಯ ಪದ್ಧತಿಯಂತೆ ಒಂದೊಂದು ತಂತಿಗೂ ದಾರದಲ್ಲಿ ಒಂದೊಂದು ಚೀಟಿ ಕಟ್ಟಿ, ಒಂದು, ಎರಡು, ಮೂರು ಎಂದು ನಂಬರು ಬರೆದೆ. ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಆ ಅಚ್ಚುಕಟ್ಟಿಗೆ ನಾನೇ ಮನಸೋತು, ಊಟ ಮಾಡಿ ಒಂದು ಗಂಟೆ ಮಲಗಿದೆ.

ಎದ್ದು ಬಂದಾಗ ಕಾರು ಫಳಫಳ ಹೊಳೆಯುತ್ತಿತ್ತು. ಮಾರನೆಯ ದಿನ ಆಯುಧಪೂಜೆಯಲ್ಲವೇ? ಸರೋಜಾ ನಾಲ್ಕು ಬಕೆಟ್ ನೀರು ಹಾಕಿ ಹೊರಗೆ ತೊಳೆದು, ಒದ್ದೆ ಬಟ್ಟೆಯಲ್ಲಿ ಒಳಗೂ ಒರೆಸಿದ್ದಳು. ತಂತಿಗಳೂ ಶುಭ್ರವಾಗಿದ್ದವು. ಚೀಟಿಗಳು ಇರಲಿಲ್ಲ.

"ಚೀಟಿ ಎಲ್ಲಿ, ಸರೋಜಾ?"

"ಹರಕು ಚೀಟಿನಾ? ಹಬ್ಬದ ಗಾಡೀಲಿ ಕಸ ಯಾಕೆ ಅಂತ ಕಿತ್ತು ನೀರೊಲೆಗೆ ಹಾಕ್ದೆ. ಯಾಕ್ರೀ, ಬೇಕಾಗಿತ್ತಾ?"

ನಾನು ಕೂಗಾಡಲಿಲ್ಲ. ಕಾರಿನ ಒಳಗೆ ಕೂತು, ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಒಂದು ಪಟ್ಟಿ ತಯಾರಿಸಿದೆ. ಹೊಸ ಬೀಗ ಕೂರಿಸಿ, ಅದರ ಹಿಂದೆ ಯಾವ ತಂತಿ ಎಲ್ಲಿ ಕೊಟ್ಟರೆ ಏನಾಗುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸಿ, ಫಲಿತಾಂಶ ಬರೆಯುವುದು. ಮೊದಲನೇ ಪರೀಕ್ಷೆ: ಕೀ ತಿರುಗಿಸಿದೆ, ವೈಪರ್ ಓಡಿತು. ಎರಡನೆಯದು: ಹೊಗೆ ಬಂತು. ಮೂರನೆಯದು: ಏನೂ ಆಗಲಿಲ್ಲ, ಅದು ನನಗೆ ಎಷ್ಟೋ ಸಮಾಧಾನ ತಂದಿತು. ನಾಲ್ಕನೆಯದರಲ್ಲಿ ಕೀ ಮುಟ್ಟುತ್ತಲೇ ಸೆಲ್ಫ್ ಸ್ಟಾರ್ಟರ್ ಹೊಡೆದುಕೊಂಡಿತು. ಕಾರು ಗೇರಿನಲ್ಲಿತ್ತು. ಎಂಜಿನ್ ಸ್ಟಾರ್ಟ್ ಆಗದೆಯೇ ಅದು ಜಗ್ ಜಗ್ ಎಂದು ಮುಂದಕ್ಕೆ ಹೋಗಿ, ಗಂಗಣ್ಣನ ಹುಲ್ಲಿನ ಮೆದೆಗೆ ಮುಖ ಇಟ್ಟು ನಿಂತಿತು.

ಗಂಗಣ್ಣ ಓಡಿ ಬರಲಿಲ್ಲ, ನಡೆದುಕೊಂಡೇ ಬಂದ. ಮೆದೆಯನ್ನೂ ಕಾರನ್ನೂ ನೋಡಿದ.

"ಅದುಕ್ಕೂ ಅಸಿವು ಆಗಿರ್ಬೇಕು ಸಾಮಿ. ತಿನ್ಲಿ ಬುಡಿ," ಎಂದು ಹೇಳಿ ಹೋದ.

ಆದರೆ ಒಂದು ಮಾತು ದಾಖಲಾಗಬೇಕು. ದೀಪ ಹಚ್ಚುವ ಹೊತ್ತಿಗೆ, ಹನ್ನೊಂದನೇ ಪರೀಕ್ಷೆಯಲ್ಲಿ, ಎಲ್ಲವೂ ಸರಿಹೋಯಿತು. ಹೊಸ ಕೀ ಹಾಕಿದರೆ ಕಾರು ಸ್ಟಾರ್ಟ್. ವಾಪಸು ತಿರುಗಿಸಿದರೆ ನಿಲ್ಲುತ್ತದೆ. ಹೇರ್‌ಪಿನ್ ಹಾಕಿದರೆ ಮಿಸುಕುವುದಿಲ್ಲ. ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ತಂತಿಗಳ ಸ್ಕ್ರೂಗಳನ್ನು, ಇನ್ನು ಯಾವ ಜನ್ಮಕ್ಕೂ ಸಡಿಲವಾಗದ ಹಾಗೆ, ಮೈಯ ಬಲವೆಲ್ಲ ಹಾಕಿ ಬಿಗಿ ಮಾಡಿದೆ. ಸರೋಜಾಳನ್ನು ಕರೆದು ಮೂರು ಸಲ ಸ್ಟಾರ್ಟ್ ಮಾಡಿ ತೋರಿಸಿದೆ.

"ಅರ್ಧ ಗಂಟೆ ಅಂದಿದ್ರಲ್ಲ," ಎಂದಳು. ಆದರೂ ಅವಳ ಮುಖ ಅರಳಿತ್ತು.

ಮಾರನೆಯ ದಿನ ಬೆಳಿಗ್ಗೆ ಕಾರ್ಖಾನೆಯ ಪೂಜೆಗೆ ಹೋದೆ. ನಮ್ಮ ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಯಂತ್ರಗಳಿಗೆಲ್ಲ ಬಾಳೆಕಂದು, ಚೆಂಡು ಹೂವು. ಸ್ಪ್ಯಾನರಿಗೂ ಸುತ್ತಿಗೆಗೂ ಕುಂಕುಮ. ಆ ದಿನ ಪೂಜೆಗೆ ಇಟ್ಟ ಉಪಕರಣವನ್ನು ಮಾರನೆಯ ದಿನ ಮರುಪೂಜೆ ಆಗುವವರೆಗೆ ಯಾರೂ ಮುಟ್ಟುವುದಿಲ್ಲ. ಗಾಡಿಗಳಿಗೆ ಮಾತ್ರ ವಿನಾಯಿತಿ. ಅವು ಚಕ್ರದ ಕೆಳಗಿನ ನಿಂಬೆಹಣ್ಣು ತುಳಿದು ಹೊರಡಲೇಬೇಕು. ಪುರಿ, ಸಿಹಿಯ ಪೊಟ್ಟಣ ಹಿಡಿದು ಹನ್ನೊಂದೂವರೆಗೆ ಮನೆಗೆ ಬಂದೆ.

ಸರೋಜಾ ಅಪ್ಪ ಬರುವ ಸಂಭ್ರಮದಲ್ಲಿ ಏನನ್ನೂ ಬಿಟ್ಟಿರಲಿಲ್ಲ. ದೇವರ ಮುಂದೆ ಮಣೆಯ ಮೇಲೆ ನನ್ನ ಸ್ಕ್ರೂಡ್ರೈವರುಗಳು, ಕಟಿಂಗ್ ಪ್ಲಯರ್, ಸ್ಪ್ಯಾನರುಗಳು, ನನ್ನ ಸ್ವಂತ ಮೈಕ್ರೋಮೀಟರ್, ಈಳಿಗೆಮಣೆ, ಚಾಕು, ಕತ್ತರಿ, ಆ ಇಕ್ಕಳ ಕೂಡ, ಎಲ್ಲವೂ ಅರಿಶಿನ ಕುಂಕುಮ ಹಚ್ಚಿಕೊಂಡು ಕೂತಿದ್ದವು. ಕಾರಿನ ಹೊಸ ಕೀಗಳೆರಡಕ್ಕೂ ಗಂಧ, ಅಕ್ಷತೆ. ಹೂವಿನ ಹಾರ ಹಾಕಿಕೊಂಡ ಕಾರು ಮದುವಣಗಿತ್ತಿಯಂತೆ ನಿಂತಿತ್ತು. ಪೂಜೆ ಮುಗಿಯಿತು, ಊಟ ಮುಗಿಯಿತು. ಎರಡು ಗಂಟೆಗೆ ಬಿಳಿ ಷರ್ಟು ಹಾಕಿಕೊಂಡು, ಒಂದು ಕೀ ಎತ್ತಿಕೊಂಡು, ಕಾರಿನಲ್ಲಿ ಕೂತೆ. ಚಿಕ್ಕಬಾಣಾವರ ದೂರವೇನಲ್ಲ.

ಕೀ ಅರ್ಧ ಹೋಯಿತು. ಮುಂದೆ ಹೋಗಲಿಲ್ಲ.

ಬಗ್ಗಿ ನೋಡಿದೆ. ಬೀಗದ ತೂತು ಕಾಣಿಸಲಿಲ್ಲ. ತೂತಿದ್ದ ಜಾಗದಲ್ಲಿ ಒಂದು ದಪ್ಪ ಗಂಧದ ಬೊಟ್ಟು, ಅದರ ನಡುವೆ ಕುಂಕುಮ, ಅದರಲ್ಲಿ ಅಂಟಿಕೊಂಡ ಎರಡು ಅಕ್ಕಿಕಾಳು.

"ಸರೋಜಾ, ಬೀಗಕ್ಕೆ ಏನು ಮಾಡ್ದೆ?"

"ಪೂಜೆ ಮಾಡ್ದೆ. ಹೊಸ ಬೀಗ ಅಲ್ವಾ? ನೀವು ಅಷ್ಟು ಕಷ್ಟಪಟ್ಟು ಹಾಕಿದ್ರಿ ಅಂತ ಅದಕ್ಕೆ ಒಂಚೂರು ಜಾಸ್ತೀನೇ ಹಚ್ಚಿದೆ."

ಬೆಳಿಗ್ಗೆ ಹಸಿಯಾಗಿದ್ದ ಗಂಧ ಒಳಗಿಳಿದು, ಮಧ್ಯಾಹ್ನದ ಹೊತ್ತಿಗೆ ಗಾರೆಯಂತೆ ಒಣಗಿತ್ತು. ಹೀಗೆ ಸಿಕ್ಕಿಕೊಂಡ ಭಾಗವನ್ನು ಬಲವಂತ ಮಾಡಬಾರದು ಎಂದು ನಾನು ಕಾರ್ಖಾನೆಯಲ್ಲಿ ಹೊಸಬರಿಗೆ ತಿಂಗಳಿಗೊಮ್ಮೆ ಭಾಷಣ ಮಾಡುತ್ತಿದ್ದೆ. ಆ ಭಾಷಣ ನನಗೆ ಬಾಯಿಪಾಠ. ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಬಲವಂತ ಮಾಡಿದೆ. ಟಕ್ ಎಂದಿತು. ಅರ್ಧ ಕೀ ನನ್ನ ಕೈಯಲ್ಲಿ, ಅರ್ಧ ಬೀಗದೊಳಗೆ. ಎರಡನೆಯ ಕೀ ದೇವರ ಮುಂದೆ ಕ್ಷೇಮವಾಗಿತ್ತು. ಅದನ್ನು ಹಾಕಲು ಬೀಗದಲ್ಲಿ ಜಾಗವಿರಲಿಲ್ಲ.

ಇನ್ನು ಉಳಿದ ದಾರಿ ಒಂದೇ. ಬೀಗದ ಹಿಂದಿನ ತಂತಿಗಳನ್ನು ಬಿಚ್ಚಿ ನೇರವಾಗಿ ಒಂದಕ್ಕೊಂದು ಸೇರಿಸುವುದು. ಅದಕ್ಕೆ ಒಂದು ಸ್ಕ್ರೂಡ್ರೈವರ್ ಬೇಕು. ಒಳಗೆ ಓಡಿದೆ. ಸರೋಜಾ ಮಣೆಗೆ ಅಡ್ಡ ನಿಂತಳು.

"ಮುಟ್ಟಬೇಡಿ."

"ಒಂದೇ ಒಂದು ಸ್ಕ್ರೂಡ್ರೈವರ್. ಎರಡು ನಿಮಿಷ. ವಾಪಸ್ ಇಟ್ಬಿಡ್ತೀನಿ."

"ಪೂಜೆಗಿಟ್ಟಿದ್ದನ್ನ ಎತ್ತೋದಾ? ಅಪ್ಪ ಇಂಥದ್ರಲ್ಲಿ ಎಷ್ಟು ಕಟ್ಟುನಿಟ್ಟು ಗೊತ್ತಲ್ಲ. ಆರು ವರ್ಷಕ್ಕೆ ಮೊದಲ್ನೇ ಸಲ ಬರ್ತಿದಾರೆ. ಬಂದ ತಕ್ಷಣ ಇದನ್ನ ನೋಡ್ಬೇಕಾ ಅವರು?" ನಾನು ಚಪ್ಪಲಿ ಮೆಟ್ಟಿಕೊಂಡೆ.

ಅಕ್ಕಪಕ್ಕದ ಮನೆಗಳಿಗೆ ಹೋದೆ. ದಾಸರಹಳ್ಳಿಯಲ್ಲಿ ಮನೆಗೊಬ್ಬ ಫಿಟ್ಟರ್, ಮನೆಗೊಬ್ಬ ಟರ್ನರ್. ಬೇರೆ ದಿನ ಒಂದು ಸ್ಕ್ರೂಡ್ರೈವರ್ ಕೇಳಿದರೆ ಮೂರು ಕೊಡುವ ಜನ. ಅಂದು ಎಲ್ಲರೂ ನನ್ನನ್ನು ಮುಖ ಸಿಂಡರಿಸಿಕೊಂಡು ನೋಡಿ, ಕೈಗೆ ಪುರಿಯ ಪೊಟ್ಟಣ ಕೊಟ್ಟು ಕಳಿಸಿದರು. ಗ್ಯಾರೇಜುಗಳೆಲ್ಲ ಬಾಗಿಲಿಗೆ ಬೂದುಗುಂಬಳಕಾಯಿ ಒಡೆದು ಬೀಗ ಹಾಕಿದ್ದವು. ಅವರ ಬೀಗಗಳು ಚೆನ್ನಾಗಿದ್ದವು. ಇಡೀ ಪೀಣ್ಯದಲ್ಲಿ ಆ ದಿನ ಬಿಡುವಾಗಿದ್ದ ಸ್ಕ್ರೂಡ್ರೈವರ್ ಒಂದೂ ಇರಲಿಲ್ಲ. ನಾನು ಐದು ಪೊಟ್ಟಣ ಪುರಿಯೊಂದಿಗೆ ಮನೆಗೆ ಮರಳಿದೆ.

"ಚಮಚ ಆಯುಧ ಅಲ್ಲ ತಾನೆ?" ಎಂದು ಕೇಳಿದೆ.

ಸರೋಜಾ ಸ್ವಲ್ಪ ಯೋಚಿಸಿ, ಒಂದು ಸ್ಟೀಲ್ ಚಮಚ ಕೊಟ್ಟಳು.

ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕಾಲುಗಳನ್ನು ಬಾಗಿಲಿನಾಚೆ ಬಿಟ್ಟು, ಚಮಚದ ಹಿಡಿಯಿಂದ ಸ್ಕ್ರೂ ತಿರುಗಿಸಲು ನೋಡಿದೆ. ಚಮಚ ಬಾಗಿತು. ಸ್ಕ್ರೂ ಅಲುಗಲಿಲ್ಲ. ಅಷ್ಟು ಬಿಗಿಯಾಗಿ ಹಾಕಿದ ಮಹಾನುಭಾವ ಯಾರೆಂದು ನಿಮಗೆ ಗೊತ್ತೇ ಇದೆ. ನನ್ನ ಕೆಲಸ ಅಷ್ಟು ಗಟ್ಟಿಮುಟ್ಟಾಗಿದ್ದದ್ದು ಜೀವನದಲ್ಲಿ ಅದೊಂದೇ ಸಲ. ತಂತಿಯನ್ನೇ ಕತ್ತರಿಸೋಣವೆಂದರೆ ಕತ್ತರಿ, ಚಾಕು ಎರಡೂ ಮಣೆಯ ಮೇಲೆ. ಮನೆಯಲ್ಲಿ ಹೊರಗೆ ಉಳಿದಿದ್ದ ಹರಿತವಾದ ವಸ್ತು ಎಂದರೆ ಸರೋಜಾಳ ಮಾತೊಂದೇ.

"ಎರಡೂವರೆ ಆಯ್ತು ಕಣ್ರೀ."

"ಐದು ನಿಮಿಷ."

ಗಂಗಣ್ಣನ ಧ್ವನಿ ಕೇಳಿಸಿತು. "ಸರೋಜಮ್ಮಾರೇ, ನಾನು ಎತ್ತು ಕಟ್ಕಂಡು ಓಗ್ಲಾ? ನಮ್ ಗಾಡೀಗೂ ಪೂಜೆ ಆಗದೆ. ನಿಮ್ಮಪ್ಪಾರು ಎಂಗವ್ರೆ, ಒಸಿ ಯೋಳಿ."

"ಬೇಡ ಗಂಗಣ್ಣ, ಐದು ನಿಮಿಷ," ಎಂದೆ ನಾನು ಕೆಳಗಿನಿಂದ.

"ಊಟ ಆದಾಗ್ಲಿಂದ ಅದ್ನೇ ಯೋಳ್ತಾ ಇದೀರ," ಎಂದ ಗಂಗಣ್ಣ. ಸರೋಜಾ ಮೆಲುದನಿಯಲ್ಲಿ ಏನೋ ಹೇಳಿದಳು: ಬಿಳಿ ಪಂಚೆ, ಕರಿ ಕೋಟು, ಕೊಡೆ. ಆಮೇಲೆ ಎತ್ತಿನ ಕೊರಳ ಗಂಟೆಯ ಸದ್ದು ದೂರವಾಯಿತು. ಆ ಗಂಟೆಯ ಸದ್ದಿನಷ್ಟು ನನಗೆ ಅವಮಾನ ಮಾಡಿದ್ದು ಬೇರೆ ಯಾವುದೂ ಇಲ್ಲ. ಕಾರಿರುವ ಅಳಿಯನ ಮನೆಗೆ ಮಾವನವರು ಎತ್ತಿನ ಗಾಡಿಯಲ್ಲಿ ಬರುತ್ತಾರೆ. ಆರು ವರ್ಷ ಕಾದದ್ದು ಇದಕ್ಕೇ. ಅವರು ಬರುವಷ್ಟರಲ್ಲಿ ಇದನ್ನು ಸ್ಟಾರ್ಟ್ ಮಾಡಿಯೇ ತೀರುತ್ತೇನೆ ಎಂದು ಹಟ ಹಿಡಿದು ಎರಡನೆಯ ಚಮಚ ಕೇಳಿದೆ.

ಮೂರನೆಯ ಚಮಚ ಬಾಗುವ ಹೊತ್ತಿಗೆ ಗಂಟೆಯ ಸದ್ದು ವಾಪಸು ಬಂತು. ಹೀಗಾಗಿ ಆರು ವರ್ಷಗಳ ನಂತರ ನಮ್ಮ ಮನೆಗೆ ಬಂದ ಹೆಡ್‌ಮಾಸ್ತರಿಗೆ ಮೊದಲು ದರ್ಶನವಾದದ್ದು ನನ್ನ ಕಾಲುಗಳದ್ದು.

"ಇವರು ಅಳಿಯಂದಿರಾ?" ಎಂದು ಅವರು ಮಗಳನ್ನು ಕೇಳಿದ್ದು ಕೇಳಿಸಿತು.

ಅವಸರದಲ್ಲಿ ಏಳಲು ಹೋಗಿ ಡ್ಯಾಶ್‌ಬೋರ್ಡಿಗೆ ತಲೆ ಹೊಡೆದುಕೊಂಡೆ. ಹೊರಗೆ ಬಂದು ಅವರ ಎದುರು ನಿಂತಾಗ ನನ್ನ ಬಿಳಿ ಷರ್ಟಿನ ಮೇಲೆ ಗ್ರೀಸು, ಹಣೆಯಿಂದ ಮೂಗಿನವರೆಗೆ ಗಂಧ ಕುಂಕುಮ, ತಲೆಯಲ್ಲಿ ಚೆಂಡು ಹೂವಿನ ಎಸಳು, ಕೈಯಲ್ಲಿ ಬಾಗಿದ ಚಮಚ. ಕಾಲಿಗೆ ನಮಸ್ಕರಿಸಲು ಬಗ್ಗಿದೆ. ಜೇಬಿನಿಂದ ಹೇರ್‌ಪಿನ್ ಕೆಳಗೆ ಬಿತ್ತು.

ಮಾವನವರು ಬಗ್ಗಿ ಹೇರ್‌ಪಿನ್ ಎತ್ತಿಕೊಂಡರು. "ಏನಿದು?"

ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. "ಕಾರಿನ ಕೀ, ಮಾವ," ಎಂದೆ. ಆಮೇಲೆ ಸ್ಪ್ಯಾನರ್, ಚೀಟಿ, ಹುಲ್ಲಿನ ಮೆದೆ, ಗಂಧ, ಚಮಚ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಸರೋಜಾ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಳುತ್ತಾಳೋ ನಗುತ್ತಾಳೋ ತಿಳಿಯಲಿಲ್ಲ.

ಮಾವನವರು ಕೇಳುತ್ತಾ ಕೇಳುತ್ತಾ ಕೊಡೆ ಊರಿಕೊಂಡು ಗಾಡಿಯ ಮೂಕಿಮರದ ಮೇಲೆ ಕೂತುಬಿಟ್ಟರು. ಅವರ ಭುಜ ಕುಲುಕುತ್ತಿತ್ತು. ಎದೆ ನೋವೋ ಏನೋ ಎಂದು ಗಂಗಣ್ಣ ಹತ್ತಿರ ಓಡಿದ. ಅವರು ನಗುತ್ತಿದ್ದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು.

"ಅಳಿಯಂದಿರೇ, ತಪ್ಪು ತಿಳ್ಕೋಬೇಡಿ," ಎಂದರು ಕೊನೆಗೆ. "ನಮಗೆ ನಿಮ್ಮನ್ನ ಕಂಡ್ರೆ ಬಹಳ ಭಯ ಇತ್ತು."

"ನನ್ನ ಕಂಡ್ರೆ?"

"ಮದುವೆ ದಿನ ನೀವು ಚಪ್ಪರದ ಕಂಬದ ಹತ್ರ ನಿಂತು, ಜೇಬಿನಿಂದ ಸಣ್ಣ ಸ್ಕೇಲು ತೆಗೆದು ಅಳೆದು, ಇದು ಅರ್ಧ ಇಂಚು ವಾಲಿದೆ ಅಂದ್ರಿ. ಆ ಕಂಬ ನೆಟ್ಟೋನು ನಾನೇ. ಹುಡುಗ ಕಬ್ಬಿಣ ಅಳೀತಾನಂತೆ, ಇನ್ನು ನಮ್ಮನ್ನೂ ಅಳೀತಾನೆ ಅಂತ ಅವತ್ತೇ ಹೆದರಿದೆ. ಆಮೇಲೆ ನಿಮ್ಮ ಪತ್ರಗಳು. ವಿಷಯ, ಉಲ್ಲೇಖ. ಅವಕ್ಕೆ ಉತ್ತರ ಬರೆಯೋಕೆ ಎರಡೆರಡು ಸಲ ಕರಡು ಮಾಡ್ತಿದ್ದೆ. ಇಂಥ ಮನುಷ್ಯರ ಮನೆಗೆ ಹೋಗಿ ಲೋಟ ಎಲ್ಲಿಡಬೇಕು ಅಂತಾನೇ ಗೊತ್ತಾಗ್ತಿರಲಿಲ್ಲ ನನಗೆ."

ನಾನು ಚಮಚ ಹಿಡಿದುಕೊಂಡು ನಿಂತೇ ಇದ್ದೆ. ಆರು ವರ್ಷ ನಾನು ಅವರಿಗೆ ಹೆದರಿ ಪತ್ರ ಬರೆದೆ. ಅವರು ನನಗೆ ಹೆದರಿ ಉತ್ತರ ಬರೆದರು. ನಡುವೆ ಸರೋಜಾ ಇಬ್ಬರನ್ನೂ ಕರೆದು ಕರೆದು ಸೋತಳು. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು.

"ನಾನೂ ಒಂದು ಸಲ ಸ್ಕೂಲಿನ ಗೋಡೆ ಗಡಿಯಾರ ಬಿಚ್ಚಿದ್ದೆ," ಎಂದರು ಮಾವನವರು, ಗುಟ್ಟು ಹೇಳುವವರಂತೆ. "ವಾಪಸ್ ಜೋಡಿಸಿದ ಮೇಲೆ ನಾಲ್ಕು ಸ್ಕ್ರೂ ಉಳೀತು. ಆ ವರ್ಷ ಪೂರ್ತಿ ಮಕ್ಕಳಿಗೆ ಹತ್ತು ನಿಮಿಷ ಮೊದಲೇ ಗಂಟೆ ಹೊಡೀತಿತ್ತು. ಯಾರಿಗೂ ಹೇಳಿಲ್ಲ. ಎಲ್ಲಿ, ಆ ಸ್ಕ್ರೂ ತೋರ್ಸಿ ನೋಡೋಣ."

ಕರಿ ಕೋಟು ಬಿಚ್ಚಿ ಮಗಳ ಕೈಗೆ ಕೊಟ್ಟು, ಅವರೂ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದರು. ಸಂಜೆಯವರೆಗೆ ಇಬ್ಬರೂ ಸೇರಿ ಇನ್ನೆರಡು ಚಮಚ ಬಾಗಿಸಿದೆವು.

ಮಾರನೆಯ ದಿನ ಮರುಪೂಜೆ ಮುಗಿದು ಸ್ಕ್ರೂಡ್ರೈವರ್ ಕೈಗೆ ಬಂತು. ಎರಡು ತಂತಿ ಸುತ್ತಿ, ಮೂರನೆಯದನ್ನು ತಾಗಿಸಿ ಕಾರು ಸ್ಟಾರ್ಟ್ ಮಾಡಿದೆವು. ನಿಂಬೆಹಣ್ಣು ಒಂದು ದಿನ ತಡವಾಗಿ ಚಕ್ರದ ಕೆಳಗೆ ಅಪ್ಪಚ್ಚಿಯಾಯಿತು. ಮಾವನವರು ಮುಂದಿನ ಸೀಟಿನಲ್ಲಿ ಕೊಡೆ ಹಿಡಿದು ಕೂತು ಜಾಲಹಳ್ಳಿ ಕ್ರಾಸಿನವರೆಗೆ ಹೋಗಿ ಬಂದರು.

ಮುಂದಿನ ವಾರ ಒಬ್ಬ ಮೆಕ್ಯಾನಿಕ್ ಬಂದು ಹತ್ತು ನಿಮಿಷದಲ್ಲಿ ಬೇರೆ ಬೀಗ ಹಾಕಿಕೊಟ್ಟ. ಈ ವಿಷಯ ಮಾವನವರಿಗೆ ನಾವು ತಿಳಿಸಿಲ್ಲ. ಅವರು ಈಗ ವರ್ಷಕ್ಕೆ ಮೂರು ಸಲ ಬರುತ್ತಾರೆ. ಬಂದ ಕೂಡಲೇ, "ಬೀಗ ಸರಿಹೋಯ್ತಾ?" ಎಂದು ಕೇಳುತ್ತಾರೆ. ಇಲ್ಲ ಎಂದರೆ ಅವರಿಗೆ ಎಷ್ಟು ಖುಷಿಯಾಗುತ್ತದೆ ಎಂದರೆ, ಅವರು ಬರುವ ಹಿಂದಿನ ದಿನ ನಾನು ಕೀ ಬಚ್ಚಿಟ್ಟು, ತಂತಿಗಳನ್ನು ಬಿಚ್ಚಿ ಇಳಿಬಿಟ್ಟಿರುತ್ತೇನೆ. ಕಾರ್ಖಾನೆಯಲ್ಲಿ ಯಾರಾದರೂ ಇಂಥ ಕೆಲಸ ಮಾಡಿದ್ದರೆ ಕೆಂಪು ಚೀಟಿ ಕಟ್ಟುತ್ತಿದ್ದೆ.

ಹೋದ ಸಲ ಬಂದಾಗ ನಾನು ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ ತಡಕಾಡುತ್ತಿದ್ದೆ. ಮಾವನವರು ಸ್ವಲ್ಪ ಹೊತ್ತು ನೋಡಿದರು. "ನೀವು ಆ ಕಡೆ ಸರೀರಿ," ಎಂದು ಹೇಳಿ ತಾವೇ ಬಗ್ಗಿ ತಂತಿ ತಾಗಿಸಿದರು. ಮೊದಲನೇ ಸಲಕ್ಕೇ ಸ್ಟಾರ್ಟ್ ಆಯಿತು.

ನನಗೆ ಈಗಲೂ ನಾಲ್ಕು ಸಲ ಬೇಕು.